ದೋಣಿಯಣ್ಣನ ಕೆರೆ, ನಮ್ಮ ಮನೆಯ ನರಿಬಾಲ

ಕೆರೆಯಲ್ಲಿ ಹಬ್ಬಿರುವ ಆ ಗಿಡ ನಮ್ಮ ಮನೆಯದೇ ಇರಬಹುದೇ ಎಂಬ ಯೋಚನೆ ತಲೆಯನ್ನು ಹೊಕ್ಕು ಇವತ್ತಿಗೆ ಹನ್ನೊಂದು ದಿನ. ಹಾಲು ಕಾಯಿಸುವಾಗ, ಒಣಗಿದ ಬಟ್ಟೆ ಮಡಚುವಾಗ, ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿಕೊಂಡು ಕೂತಾಗ, ಅದು ಬಂದು ಎದುರಿಗೆ ನಿಲ್ಲುತ್ತದೆ. ಚಿಂತೆ ನನಗೆ ಹೊಸದಲ್ಲ. ಮಗಳು ಸೀನಿದರೆ ಎದೆಯಲ್ಲಿ ಕಫ ಕಟ್ಟಿತೇ ಎಂದು ಹೆದರುವವಳು, ಎರಡು ದಿನ ಸೀನದಿದ್ದರೆ ಮೂಗೇ ಕಟ್ಟಿದೆಯೋ ಎಂದು ಟಾರ್ಚ್ ಹಾಕಿ ನೋಡುವವಳು. ಅವೆಲ್ಲ ಕೊನೆಗೆ ಸುಳ್ಳಾಗುತ್ತವೆ. ಸುಳ್ಳಾಗುತ್ತವೆ ಎಂಬ ಧೈರ್ಯದಲ್ಲೇ ನಾನು ಅಷ್ಟು ಚಿಂತೆ ಮಾಡುವುದು. ಇದೊಂದು ಮಾತ್ರ ದಿನದಿಂದ ದಿನಕ್ಕೆ ನಿಜವಾಗುತ್ತ ಹೋಗುತ್ತಿದೆ. ಅದೂ ನನ್ನ ತಲೆಯ ಮೇಲೆ ಬೀಳದೆ ದೋಣಿಯಣ್ಣನ ತಲೆಯ ಮೇಲೆ ಬೀಳಲು ಹೊರಟಿದೆ.

ದೋಣಿಯಣ್ಣ ನಮ್ಮ ಕೆರೆಯ ಕಳೆ ತೆಗೆಯುವವರು. ನೀರು ಸರಬರಾಜು ಕಚೇರಿಯ ಕಾಗದದಲ್ಲಿ ಅವರ ಹುದ್ದೆಗೆ ಒಂದೂವರೆ ಸಾಲು ಉದ್ದದ ಹೆಸರಿದೆಯಂತೆ, ಅವರಿಗೇ ಅದು ಪೂರ್ತಿ ಬಾಯಿಗೆ ಬರುವುದಿಲ್ಲ. ನಮ್ಮ ಕಟ್ಟಡದ ಹಿಂದಿನ ಗೇಟು ದಾಟಿದರೆ ಪಂಪ್‌ಹೌಸು, ಅದಕ್ಕೆ ಅಂಟಿಕೊಂಡು ಎರಡು ಕೋಣೆಯ ಕ್ವಾರ್ಟರ್ಸು, ಅದರ ಮುಂದೆ ಕೆರೆಗಿಳಿಯುವ ಒಂಬತ್ತು ಮೆಟ್ಟಿಲು. ಸುತ್ತಲಿನ ನಾಲ್ಕು ಬಡಾವಣೆಗಳ ನಲ್ಲಿಗೆ ಬರುವುದು ಈ ಕೆರೆಯ ನೀರೇ. ಪಂಪು ನೀರೆಳೆಯುವ ಬಾಯಿಗೆ ಕಬ್ಬಿಣದ ಜಾಲರಿ ಇದೆ. ಅದಕ್ಕೆ ಏನೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು, ಕೆರೆಯಲ್ಲಿ ಬೆಳೆಯಬಾರದ್ದು ಬೆಳೆಯದಂತೆ ನೋಡಿಕೊಳ್ಳುವುದು, ಇದು ಇಪ್ಪತ್ತನಾಲ್ಕು ವರ್ಷದಿಂದ ಅವರ ಕೆಲಸ. ತಗಡಿನ ಚಪ್ಪಟೆ ದೋಣಿ, ಕಬ್ಬಿಣದ ಹಲ್ಲಿರುವ ಉದ್ದನೆಯ ಕೋಲು, ಒಂದು ಕೊಕ್ಕೆ, ನಾಲ್ಕು ಗೋಣಿಚೀಲ. ಅವರ ಕಚೇರಿ ಅಷ್ಟೇ.

ಅವರಿಗೆ ಈಜು ಬರುವುದಿಲ್ಲ. ಇದು ತಿಳಿದ ದಿನ ನನಗೆ ಊಟ ಸೇರಿರಲಿಲ್ಲ. ಅಕ್ಕ, ಅಂದರೆ ಅವರ ಹೆಂಡತಿ, ಮದುವೆಯಾದ ಹೊಸದರಲ್ಲೇ ಹೆದರಿ ಅವರ ಸೊಂಟಕ್ಕೆ ಎಣ್ಣೆಯ ಖಾಲಿ ಡಬ್ಬವೊಂದನ್ನು ಹಗ್ಗದಲ್ಲಿ ಕಟ್ಟಿದ್ದರು. ಅದು ಇವತ್ತಿಗೂ ಬಿಟ್ಟಿಲ್ಲ. ಡಬ್ಬ ಅವರನ್ನು ತೇಲಿಸುತ್ತದೆಯೇ ಎಂದು ನಾನು ಕೇಳಿದ್ದೆ. “ಅವ್ರನ್ನ ತೇಲ್ಸುತ್ತೋ ಬಿಡುತ್ತೋ, ಎಲ್ಲಿ ಹುಡುಕ್ಬೇಕು ಅಂತ ನಂಗೆ ಗೊತ್ತಾಗುತ್ತಲ್ಲ,” ಎಂದರು ಅಕ್ಕ. ದೋಣಿಯಣ್ಣ ಪಕ್ಕದಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದವರು, ಈಜು ಬರುವವರೆಲ್ಲ ಮೈಮರೆತು ನೀರಿಗೆ ಬೀಳುತ್ತಾರೆ, ಬಾರದವನು ದೋಣಿಯಲ್ಲಿ ಭಯಭಕ್ತಿಯಿಂದ ಕೂತಿರುತ್ತಾನೆ ಎಂದು ತಮ್ಮ ಪಕ್ಷ ಹೇಳಿಕೊಂಡರು.

ಅವರು ಕೆಲಸಕ್ಕೆ ಸೇರಿದಾಗ ಇಲ್ಲಿ ಕೆರೆ ಇರುವುದೇ ಕಾಣುತ್ತಿರಲಿಲ್ಲವಂತೆ. ದಂಡೆಯಿಂದ ದಂಡೆಗೆ ತೇಲುವ ಅಂತರಗಂಗೆ ಕಳೆ. ಆಚೆ ದಂಡೆಯ ಬಂಗಲೆಯಲ್ಲಿದ್ದ ಯಾರೋ ನೇರಳೆ ಹೂವು ಚೆನ್ನಾಗಿದೆ ಎಂದು ಎಲ್ಲಿಂದಲೋ ತಂದು ತೊಟ್ಟಿಯಲ್ಲಿ ಬೆಳೆಸಿದ್ದರು, ಒಂದು ಮಳೆಗಾಲ ತೊಟ್ಟಿ ತುಂಬಿ ಹರಿಯಿತು. ಕಚೇರಿಯವರು ಮೂವತ್ತು ಆಳು ಕಳಿಸಿ ಎರಡು ತಿಂಗಳು ತೆಗೆಸಿ, ಕೆಲಸ ಮುಗಿಯಿತೆಂದು ಫೋಟೋ ಹಿಡಿಸಿಕೊಂಡು ಹೋದರು. ದಂಡೆಯ ಕೆಸರಿನಲ್ಲಿ ಉಳಿದ ಬೀಜ ಯಾರ ಫೋಟೋದಲ್ಲೂ ಬರಲಿಲ್ಲ. ಅದು ಮೊಳೆತಾಗಲೆಲ್ಲ ಕಿತ್ತವರು ಇವರೊಬ್ಬರೇ. ಒಂಬತ್ತು ವರ್ಷ. ಕೊನೆಯ ಗಿಡ ಕಿತ್ತ ದಿನ ಯಾವುದೆಂದು ಅವರಿಗೆ ಗೊತ್ತಿಲ್ಲ, ಏಕೆಂದರೆ ಅದು ಕೊನೆಯದೆಂದು ಆವತ್ತು ಗೊತ್ತಿರಲಿಲ್ಲ. ಅಲ್ಲಿಂದ ಮುಂದೆಯೂ ಪ್ರತಿ ಬೆಳಿಗ್ಗೆ ಕೆರೆ ಸುತ್ತುವುದು ಬಿಡಲಿಲ್ಲ. ಮಕ್ಕಳ ಡ್ರಾಯಿಂಗ್ ಪುಸ್ತಕವೊಂದರಲ್ಲಿ ಪೆನ್ಸಿಲ್ಲಿನಿಂದ ಕೆರೆಯ ನಕ್ಷೆ ಬರೆದುಕೊಂಡಿದ್ದಾರೆ. ಹೊಸ ಗಿಡ ಎಲ್ಲಿ ಕಂಡರೂ ಅಲ್ಲೊಂದು ಚುಕ್ಕೆ, ಪಕ್ಕದಲ್ಲಿ ತಾರೀಕು.

ನನ್ನ ಮಗಳನ್ನು ಬೆಳಿಗ್ಗೆ ಹೊತ್ತು ನೋಡಿಕೊಳ್ಳುವವರು ಅಕ್ಕ. ಮಗಳಿಗೆ ಈಗ ನಾಲ್ಕು. ಅವಳಿಗೆ ಒಂದೂವರೆ ವರ್ಷವಿದ್ದಾಗ ನಮ್ಮ ನಡುಮನೆಯ ಕಪಾಟಿನ ಮೇಲೆ ಗಾಜಿನ ಮೀನಿನ ತೊಟ್ಟಿಯೊಂದಿತ್ತು. ಯಜಮಾನರು ಮದುವೆಗೆ ಮುಂಚಿನಿಂದ ಸಾಕಿದ್ದು. ಆರು ಕಿತ್ತಳೆ ಬಣ್ಣದ ಮೀನು, ಜೊತೆಗೆ ನೀರೊಳಗೆ ಬೆಳೆಯುವ, ನವಿರಾದ ಬೀಸಣಿಗೆಯಂಥ ಎಲೆಗಳ ಹಸಿರು ಗಿಡ. ಮೀನಿನ ಅಂಗಡಿಯವನು ಅದನ್ನು ನರಿಬಾಲ ಎಂದು ಕರೆದು, ಇದನ್ನು ಸಾಯಿಸಬೇಕೆಂದರೂ ಆಗುವುದಿಲ್ಲ ಎಂದು ಹೊಗಳಿ ಕೊಟ್ಟಿದ್ದ. ತೊಟ್ಟಿ ತುಂಬಿದಾಗಲೆಲ್ಲ ನಾನು ಕತ್ತರಿಯಿಂದ ಅದರ ತುದಿ ಕತ್ತರಿಸುತ್ತಿದ್ದೆ. ತೇಲಿಹೋದ ತುಂಡುಗಳು ಮೂಲೆಯಲ್ಲಿ ನಿಂತು, ಹದಿನೈದು ದಿನದಲ್ಲಿ ಬಿಳಿಯ ಬೇರು ಬಿಟ್ಟು, ತಾವೇ ಒಂದೊಂದು ಗಿಡವಾಗುತ್ತಿದ್ದವು. ಆಗ ಅದು ನನಗೆ ಮುದ್ದಾಗಿ ಕಂಡಿತ್ತು.

ಮಗಳು ಕುರ್ಚಿ ಹತ್ತಿ ತೊಟ್ಟಿಗೆ ಕೈ ಅದ್ದಲು ಕಲಿತಳು. ಒಂದು ಮಧ್ಯಾಹ್ನ ಅದೇ ಕೈ ಬಾಯಿಗೆ ಹೋಯಿತು. ನಾನು ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ನಿಂತ ನೀರು, ಸೊಳ್ಳೆ, ಹೊಟ್ಟೆಯ ಹುಳು, ಹೆಸರು ಹೇಳಲು ಬಾರದ ನಾಲ್ಕು ರೋಗ. ಸಂಜೆಯೊಳಗೆ ತೊಟ್ಟಿ ಮನೆಯಲ್ಲಿ ಇರಕೂಡದು ಎಂದು ತೀರ್ಮಾನಿಸಿ, ಎಲ್ಲವನ್ನೂ ನೀಲಿ ಬಕೆಟ್ಟಿಗೆ ಸುರಿದುಕೊಂಡು ಕೆಳಗಿಳಿದೆ. ಗೇಟಿನ ಹತ್ತಿರ ದೋಣಿಯಣ್ಣ ಬಕೆಟ್ಟಿಗೆ ಇಣುಕಿ ನನ್ನನ್ನು ತಡೆದರು.

“ಮೀನು ಕೆರೆಗೆ ಬಿಡ್ಬೇಡಿ ತಾಯಿ. ಇವು ಇಲ್ಲಿಯವಲ್ಲ.”

ಅವರೇ ಮೀನುಗಳನ್ನು ಒಂದೊಂದಾಗಿ ಬೊಗಸೆಯಲ್ಲಿ ಹಿಡಿದು ಪಾತ್ರೆಗೆ ಹಾಕಿಕೊಂಡು, ತಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಡಲು ಹೋದರು. ಮೀನು ಬಿಡಬೇಡಿ ಎಂದರು, ನಾನು ಬಿಡಲಿಲ್ಲ. ಅಕ್ಷರಶಃ ಅಷ್ಟನ್ನೇ ಪಾಲಿಸಿದೆ. ಉಳಿದದ್ದು ನೀರು ಮತ್ತು ಹಸಿರು. ಕೆರೆಯಲ್ಲಿರುವುದೂ ನೀರು ಮತ್ತು ಹಸಿರು. ಚರಂಡಿಗೆ ಸುರಿದರೆ ಪಾಪ ಗಿಡ ಸಾಯುತ್ತದೆ ಎಂದು ಒಂಬತ್ತೂ ಮೆಟ್ಟಿಲಿಳಿದು, ಅವರು ದೋಣಿ ಕಟ್ಟುವ ಕೊನೆಯ ಮೆಟ್ಟಿಲಿನ ಮೇಲೆ ನಿಂತು ಸುರಿದೆ. ಬಕೆಟ್ಟನ್ನು ಮೂರು ಸಲ ಗಲಬರಿಸಿದೆ. ಅಂಚಿಗೆ ಅಂಟಿದ್ದ ಕೊನೆಯ ಎಳೆಯನ್ನೂ ಬೆರಳಿನಿಂದ ಬಿಡಿಸಿ ನೀರಿಗೆ ಹಾಕಿದೆ. ದೊಡ್ಡ ಉಪಕಾರ ಮಾಡಿದವಳಂತೆ ಮನೆಗೆ ಬಂದು ಕೈ ತೊಳೆದುಕೊಂಡೆ.

ಆಮೇಲೆ ಅದು ನನಗೆ ಮರೆತೇ ಹೋಯಿತು.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ನಮ್ಮ ಮೂರನೇ ಮಹಡಿಯ ನಲ್ಲಿ ಕೆಮ್ಮತೊಡಗಿತು. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ದಿನವೂ ಜಗಳ. ಜಾಲರಿಗೆ ಕಳೆ ಕಟ್ಟುತ್ತಿದೆಯಂತೆ, ಕಳೆ ತೆಗೆಯುವವನು ನಿದ್ದೆ ಮಾಡುತ್ತಿದ್ದಾನೆಯೇ ಎಂದು ಎರಡನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಬರೆದರು. ನಾನೂ ಕಚೇರಿಯ ಸಹಾಯವಾಣಿಗೆ ಫೋನು ಮಾಡಿ ಮಗುವಿನ ಸ್ನಾನಕ್ಕೂ ನೀರಿಲ್ಲ ಎಂದು ದೂರು ಕೊಟ್ಟೆ. ದೂರಿನ ನಂಬರು ಮೆಸೇಜಿನಲ್ಲಿ ಬಂತು. ಇನ್ನೂ ಅಳಿಸಿಲ್ಲ.

ದೋಣಿಯಣ್ಣ ನಿದ್ದೆ ಮಾಡುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ನೀರಿಗಿಳಿದರೆ ಊಟಕ್ಕೂ ಬರುತ್ತಿರಲಿಲ್ಲ. ಇದು ತೇಲುವ ಕಳೆಯಲ್ಲ, ತಳದಲ್ಲಿ ಬೇರೂರಿ ನೀರೊಳಗೇ ಹಬ್ಬುವಂಥದ್ದು, ಎಳೆದರೆ ಪಟ್ಟನೆ ತುಂಡಾಗುವಂಥದ್ದು. ತುಂಡು ತೇಲಿಹೋಗಿ ಬೇರೆಡೆ ಬೇರೂರುತ್ತದೆ ಎಂದು ಅವರಿಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು. ಅದಕ್ಕೆ ಅವರದೇ ಒಂದು ಉಪಾಯ. ಹಳೆಯ ಸೊಳ್ಳೆಪರದೆ ಇದ್ದರೆ ಕೊಡಿ ಎಂದು ಮನೆಮನೆಗೆ ಬಂದು ಕೇಳಿದರು. ನಾನು ಮಗಳ ತೊಟ್ಟಿಲಿನದನ್ನು ಕೊಟ್ಟೆ. ಅಕ್ಕ ಎಲ್ಲವನ್ನೂ ಸೇರಿಸಿ ಹೊಲಿದು, ಕೆಳಗಿನ ಅಂಚಿಗೆ ಕಲ್ಲು ಕಟ್ಟಿ ಗೋಡೆಯಂತೆ ಮಾಡಿಕೊಟ್ಟರು. ಮಂಚದಷ್ಟು ಜಾಗಕ್ಕೆ ಸುತ್ತಲೂ ಅದನ್ನು ಇಳಿಬಿಟ್ಟು, ಒಳಗೆ ಎದೆಮಟ್ಟದ ನೀರಿನಲ್ಲಿ ನಿಂತು, ಬೆರಳಿನಿಂದ ಕೆಸರು ತಡವಿ ಬೇರಿನ ಸಮೇತ ಒಂದೊಂದೇ ಬಿಡಿಸುವುದು. ತುಂಡುಗಳು ಪರದೆ ದಾಟುವುದಿಲ್ಲ. ಕಿತ್ತದ್ದನ್ನು ನೀರಿನಿಂದ ದೂರ ಟಾರ್ಪಾಲಿನ ಮೇಲೆ ಹರಡಿ ಗರಿಗರಿಯಾಗುವವರೆಗೆ ಒಣಗಿಸುವುದು. ಆಮೇಲೆ ಪರದೆಯನ್ನು ಮುಂದಿನ ಮಂಚದಷ್ಟಕ್ಕೆ ಸರಿಸುವುದು. ಹೀಗೆ ಮೆಟ್ಟಿಲಿನ ಸುತ್ತ ಒಂದು ಮನೆಯಷ್ಟು ಜಾಗ ಸ್ವಚ್ಛವಾಗಿತ್ತು. ಮತ್ತೆ ಬೆಳೆದಿರಲಿಲ್ಲ. ಆದರೆ ಅದಕ್ಕೆ ಎರಡು ತಿಂಗಳು ಹಿಡಿದಿತ್ತು, ಅಷ್ಟರಲ್ಲಿ ಜಾಲರಿಯ ಕಡೆ ಅದರ ಮೂರರಷ್ಟು ಹಬ್ಬಿತ್ತು.

ಹನ್ನೊಂದು ದಿನದ ಹಿಂದೆ ಮಗಳನ್ನು ಕರೆತರಲು ಹೋದವಳು ಟಾರ್ಪಾಲಿನ ಅಂಚಿನಲ್ಲಿದ್ದ ಹಸಿ ಎಳೆಯೊಂದನ್ನು ಕೈಗೆತ್ತಿಕೊಂಡೆ. ಬೀಸಣಿಗೆಯಂಥ ಎಲೆ. ನಮ್ಮ ಮೀನಿನ ತೊಟ್ಟಿಯದೇ ವಾಸನೆ. ಅದನ್ನು ಟಾರ್ಪಾಲಿನ ಮೇಲೆ ಇದ್ದಲ್ಲೇ ಇಟ್ಟು, ಮಗಳ ಕೈ ಹಿಡಿದುಕೊಂಡು ಬಂದೆ.

ಮರುದಿನವೇ ಕಚೇರಿಯ ಸಾಹೇಬರು ಬಂದರು. ನಾನು ಮಗಳ ಚಪ್ಪಲಿ ಹುಡುಕುವ ನೆಪದಲ್ಲಿ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ದೋಣಿಯಣ್ಣ ಆಸೆಯಿಂದ ತಮ್ಮ ನಕ್ಷೆ ತೋರಿಸಿದರು, ಗಿಡ ಎಲ್ಲಿಂದ ಎಲ್ಲಿಗೆ ಹೋಯಿತೆಂದು. ಸಾಹೇಬರು ಮೊದಲ ಚುಕ್ಕೆಯ ಮೇಲೆ ಪೆನ್ನು ಇಟ್ಟರು. ಅದು ದೋಣಿ ಕಟ್ಟುವ ಮೆಟ್ಟಿಲು. ಎರಡು ವರ್ಷದ ಹಿಂದೆ ಈ ದೋಣಿ ಪಕ್ಕದ ಊರಿನ ಕೆರೆಗೆ ಎಂಟು ದಿನ ಹೋಗಿತ್ತಲ್ಲವೇ ಎಂದು ಕೇಳಿದರು. ಹೋಗಿತ್ತು. ಕಚೇರಿಯವರೇ ಬಾಯಿಮಾತಿನಲ್ಲಿ ಕಳಿಸೆಂದಿದ್ದರು. ಕಾಗದ ಎಲ್ಲಿ ಎಂದರೆ ಕಾಗದ ಇರಲಿಲ್ಲ.

“ಅಲ್ಲಿಗೆ ಆಯ್ತಲ್ಲಪ್ಪ. ನಿನ್ನ ದೋಣೀನೇ ಕಳೆ ತಂದಿದೆ, ನಿನ್ನ ಪುಸ್ತಕಾನೇ ಸಾಕ್ಷಿ ಹೇಳ್ತಿದೆ.”

ಬರುವ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ಕಳೆ ಕತ್ತರಿಸುವ ಯಂತ್ರ ಬರುತ್ತದೆ, ಒಂದೇ ವಾರದಲ್ಲಿ ಕೆರೆ ಬೋಳಿಸಿಬಿಡುತ್ತದೆ ಎಂದರು. ಅದೇ ಸೋಮವಾರದಿಂದ ದೋಣಿಯಣ್ಣನಿಗೆ ಊರಿನ ಆ ತುದಿಯ ಪೈಪು ಗೋದಾಮಿನಲ್ಲಿ ಕೆಲಸ. ಕ್ವಾರ್ಟರ್ಸು ಖಾಲಿ ಮಾಡಬೇಕು. ವರದಿಯನ್ನು ಅದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಮೇಲಕ್ಕೆ ಕಳಿಸುತ್ತಾರೆ. ದೋಣಿಯಣ್ಣ ತಮ್ಮ ವರ್ಗಾವಣೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಂತ್ರ ಬೇಡ ಸಾರ್, ಕತ್ತರಿಸಿದರೆ ಒಂದು ನೂರಾಗುತ್ತದೆ ಎಂದು ಮೂರು ಸಲ ಹೇಳಿದರು. ಯಂತ್ರ ಮಾಡಿದವರಿಗೆ ಅಷ್ಟೂ ತಿಳಿದಿರುವುದಿಲ್ಲವೇ ಎಂದು ಸಾಹೇಬರು ನಕ್ಕರು.

ಆ ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ನನ್ನ ಚಿಂತೆಗಳನ್ನು ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ.

“ಊರಲ್ಲಿ ಎಷ್ಟು ಮನೇಲಿ ಮೀನಿನ ತೊಟ್ಟಿ ಇದೆ. ನಿನ್ನದೇ ಅಂತ ಹೇಗೆ ಹೇಳ್ತೀಯ?”

“ಅದೇ ಮೆಟ್ಟಿಲು ರೀ.”

“ಆಯ್ತು, ನಿನ್ನದೇ. ನೀನು ಒಪ್ಕೊಂಡ್ರೆ ಗಿಡ ಎದ್ದು ಮನೆಗೆ ವಾಪಸ್ ಬರುತ್ತಾ? ಕೇಸು ಗೀಸು ಅಂದ್ರೆ ಮಗು ಎತ್ಕೊಂಡು ಅಲೀಬೇಕು ಅಷ್ಟೇ. ಸುಮ್ನಿರು.”

ಕೇಸು ಎಂಬ ಮಾತು ಸಾಕಾಯಿತು. ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಹೇಡಿಯ ಕೆಲಸಗಳೇ. ಹೆಸರಿಲ್ಲದೆ ಕಚೇರಿಗೆ ಇಮೇಲ್ ಕಳಿಸಿದೆ, ಪೆಟ್ಟಿಗೆ ತುಂಬಿದೆ ಎಂದು ವಾಪಸು ಬಂತು. ನೀರಿನ ಕಳೆಗಳ ಬಗ್ಗೆ ಸಿಕ್ಕಿದ ಲೇಖನಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ, ಮೇಷ್ಟ್ರು ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿ ಶುಭೋದಯ ಹೇಳಿದರು. ಮೀನಿನ ಅಂಗಡಿಗೂ ಹೋದೆ. ನರಿಬಾಲ ಈಗಲೂ ಗಾಜಿನ ಜಾಡಿಯಲ್ಲಿ ನಗುತ್ತಿತ್ತು. ಇದು ಕೆರೆಗೆ ಬಿದ್ದರೆ ಏನಾಗುತ್ತದೆಂದು ಗೊತ್ತೇ ಎಂದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡೆ. ನಾನು ಕೆರೆಗೆ ಮಾರಿಲ್ಲ ಮೇಡಂ, ಮನೆಗೆ ಮಾರಿದ್ದು ಎಂದ. ಹೊರಗೆ ಬಂದೆ. ಮೈಯೆಲ್ಲ ಉರಿ. ಅವನ ಮೇಲೆ, ಸಾಹೇಬರ ಮೇಲೆ, ಆರಾಮಾಗಿ ಗೊರಕೆ ಹೊಡೆಯುವ ಯಜಮಾನರ ಮೇಲೆ, ಕತ್ತರಿಸಿದರೂ ಸಾಯದ ಆ ದರಿದ್ರ ಗಿಡದ ಮೇಲೆ. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿಯುತ್ತಿದ್ದವಳು ನಾನೊಬ್ಬಳೇ.

ಇವತ್ತು ಶನಿವಾರ. ತಡವಾಗಿ, ಹನ್ನೊಂದೂವರೆಗೆ ಮಗಳನ್ನು ಬಿಡಲು ಹೋದರೆ ಅಕ್ಕ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದರು. ದೋಣಿಯಣ್ಣ ನೀರಿನಲ್ಲೇ ಇದ್ದರು. ಸೊಂಟದ ಡಬ್ಬ ಪರದೆಯೊಳಗೆ ಅತ್ತಿಂದಿತ್ತ ಅಲುಗುತ್ತಿತ್ತು. ಹೋಗುವ ದಿನದವರೆಗೂ ಕೀಳುತ್ತಾರಂತೆ. ಮಗಳು ಹಿತ್ತಲಿಗೆ ಓಡಿ ಸಿಮೆಂಟ್ ತೊಟ್ಟಿಯ ಮೀನುಗಳಿಗೆ ಕೈ ಬೀಸಿದಳು. ಆರಲ್ಲಿ ನಾಲ್ಕು ಉಳಿದಿವೆ, ಅಂಗೈಯಗಲ ಬೆಳೆದಿವೆ. ನಾನು ಸುಮ್ಮನೆ, ಯೋಚಿಸದೆ, ಈ ತೊಟ್ಟಿಯಲ್ಲಿ ಯಾಕೆ ಒಂದೂ ಗಿಡ ಇಲ್ಲ ಅಕ್ಕ ಎಂದು ಕೇಳಿದೆ.

ಇತ್ತು, ಎಂದರು ಅಕ್ಕ. ಮೀನಿನ ಜೊತೆ ಒಂದು ಎಳೆ ಬಂದಿತ್ತು. ಒಂದು ಬೇಸಿಗೆಯಲ್ಲಿ ತೊಟ್ಟಿ ತುಂಬಿಬಿಟ್ಟಿತು. ಅವರು ಎಲ್ಲ ತೆಗೆದು ಒಣಗಿಸಿ ಸುಟ್ಟರು.

ಅಷ್ಟು ಹೇಳಿ ಅಕ್ಕ ಗಂಟಿನ ತುದಿಯನ್ನು ಹಿಡಿದುಕೊಂಡೇ ನಿಂತರು. ಹೇಳಬಾರದ್ದು ಹೇಳಿದೆನೇ ಎಂಬಂತೆ.

“ಹಾಗಾದ್ರೆ ಅಣ್ಣನಿಗೆ ಗೊತ್ತಿತ್ತಾ?”

“ಕೆರೇಲಿ ಮೊದಲ್ನೇ ಗಿಡ ಕಂಡ ದಿನಾನೇ ಗೊತ್ತಾಯ್ತು ಕಣಮ್ಮ.”

“ಸಾಹೇಬ್ರು ಕೇಳ್ದಾಗ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ತಾರೆ? ಚಿಕ್ಕ ಮಗು ಇರೋ ಮನೆ, ಆ ಹುಡುಗಿ ಮೊದ್ಲೇ ಹೆದರುಪುಕ್ಕಿ, ನೋಟೀಸ್ ಬಂದ್ರೆ ಜೀವ ಬಿಟ್ಬಿಡ್ತಾಳೆ ಅಂದ್ರು. ತಪ್ಪು ನಂದೇ, ಮೀನು ಎತ್ಕೊಂಡ ಮೇಲೆ ಬಕೆಟ್ಟೂ ಇಸ್ಕೋಬೇಕಿತ್ತು ಅಂದ್ರು.”

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇಪ್ಪತ್ತನಾಲ್ಕು ವರ್ಷದ ಕೆರೆಯನ್ನು ಬಿಟ್ಟು ಪೈಪುಗಳ ನಡುವೆ ಹೋಗಿ ಕೂರುವುದಕ್ಕೆ ಈ ಮನುಷ್ಯ ತಯಾರು, ನನ್ನ ಹೆದರಿಕೆಯನ್ನು ಮಾತ್ರ ಮುಟ್ಟುವುದಿಲ್ಲ. ಯಾರು ಕೇಳಿದ್ದರು ಇವರನ್ನು? ಮಗಳ ಮೂಗಿಗೆ ಟಾರ್ಚ್ ಹಾಕುವವಳೆಂದು ಊರಿಗೆಲ್ಲ ಗೊತ್ತಿರಬಹುದು, ಹಾಗೆಂದು ನನ್ನನ್ನೂ ಸೊಳ್ಳೆಪರದೆ ಕಟ್ಟಿ ಇಡಬೇಕೇ? ಮೆಟ್ಟಿಲ ತನಕ ಹೋಗಿ ಇದನ್ನೆಲ್ಲ ಕೂಗಿ ಹೇಳಬೇಕೆಂದುಕೊಂಡೆ. ದೋಣಿಯಣ್ಣ ನೀರಿನಿಂದ ತಲೆಯೆತ್ತಿ, ಮಗು ಮೆಟ್ಟಿಲಿಗೆ ಬಾರದಂತೆ ನೋಡಿಕೊಳ್ಳಿ ತಾಯಿ, ಪಾಚಿ ಜಾರುತ್ತದೆ ಎಂದರು. ಅವರ ಬೆರಳ ತುದಿಗಳು ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕಾಗಿದ್ದವು. ಎಡಗೈಯಲ್ಲಿ ಬೇರಿನ ಸಮೇತ ಬಂದ ಒಂದು ಗಿಡ.

ನಾನು ವಾಪಸು ಬಂದು ಮೂರು ಮಹಡಿ ಹತ್ತಿದೆ. ಯಜಮಾನರು ಸೋಫಾದ ಮೇಲೆ ಪೇಪರು ಹಿಡಿದಿದ್ದರು. ಕಚೇರಿ ಒಂದು ಗಂಟೆಗೆ ಮುಚ್ಚುತ್ತದೆ, ಗಡಿಯಾರದಲ್ಲಿ ಹನ್ನೆರಡೂ ಹತ್ತು. ಹಳೆಯ ದೂರಿನ ಮೆಸೇಜು ತೆಗೆದು ಅದರಲ್ಲಿದ್ದ ಸಹಾಯವಾಣಿಯ ನಂಬರನ್ನೇ ಒತ್ತಿದೆ. ಒಂದನ್ನು ಒತ್ತಿ, ಮೂರನ್ನು ಒತ್ತಿ ಎಂದು ಯಂತ್ರ ಹೇಳಿದಂತೆಲ್ಲ ಒತ್ತಿದೆ. ಎರಡು ಸಲ ಕಟ್ಟಾಯಿತು. ಮೂರನೇ ಸಲ ಒಬ್ಬ ಹುಡುಗಿ ಎತ್ತಿಕೊಂಡು, ನಿಮ್ಮ ಹೆಸರಿನಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ಒಂದು ದೂರಿದೆ, ಅದರ ಬಗ್ಗೆಯೇ ಎಂದು ಕೇಳಿದಳು. ಅದರ ಬಗ್ಗೆಯೇ, ಕಾರಣ ಗೊತ್ತಾಗಿದೆ, ವರದಿ ಬರೆಯುತ್ತಿರುವ ಸಾಹೇಬರಿಗೇ ಹೇಳಬೇಕು ಎಂದೆ. ಏನೋ ಸಂಗೀತ ಶುರುವಾಯಿತು. ಯಜಮಾನರು ಪೇಪರು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಸುಮ್ಮನಿರು ಎನ್ನಲಿಲ್ಲ. ಎದ್ದುಹೋಗಿ ಟೀವಿಯ ಸದ್ದು ತಗ್ಗಿಸಿದರು.

ಸಂಗೀತ ನಿಂತು ಸಾಹೇಬರ ಗಂಟಲು ಕೇಳಿಸಿತು.

“ಸರ್, ಆ ಕಳೆ ದೋಣಿಯಿಂದ ಬಂದಿದ್ದಲ್ಲ. ನಾನು ಸುರಿದಿದ್ದು.”

“ಏನು ಸುರಿದಿದ್ರಿ?”

“ನಮ್ಮ ಮನೆ ಮೀನಿನ ತೊಟ್ಟೀದು. ಎರಡೂವರೆ ವರ್ಷದ ಹಿಂದೆ, ದೋಣಿ ಕಟ್ಟೋ ಮೆಟ್ಟಿಲಲ್ಲೇ ನಿಂತು. ಅಣ್ಣ ನಿಮಗೆ ತೋರ್ಸಿದ ನಕ್ಷೇಲಿ ಮೊದಲ್ನೇ ಚುಕ್ಕೆ ಇದ್ಯಲ್ಲ, ಅದು ನಂದು.”

ಫೋನಿನಲ್ಲಿ ಹೇಳಿದ್ದು ವರದಿಗೆ ಬರುವುದಿಲ್ಲ ಅಮ್ಮ ಎಂದರು. ಬರೆದುಕೊಡುತ್ತೇನೆ, ಇವತ್ತೇ, ಕಚೇರಿ ಮುಚ್ಚುವುದರೊಳಗೆ ಬರುತ್ತೇನೆ ಎಂದೆ.

“ಇನ್ನೊಂದು ಸರ್. ಆ ಗಿಡಾನ ನಾನು ಎರಡು ವರ್ಷ ಕತ್ತರೀಲಿ ಕತ್ತರಿಸಿದ್ದೀನಿ. ಕತ್ತರಿಸಿದ ಒಂದೊಂದು ತುಂಡೂ ಬೇರು ಬಿಡ್ತಿತ್ತು, ಕಣ್ಣಾರೆ ನೋಡಿದ್ದೀನಿ. ನಿಮ್ಮ ಯಂತ್ರಾನೂ ಅದನ್ನೇ ಮಾಡುತ್ತೆ, ಇಡೀ ಕೆರೇಲಿ. ಅಣ್ಣ ಮೂರು ಸಲ ಹೇಳಿದ್ರಲ್ಲ, ನಾಲ್ಕನೇ ಸಲ ನಾನು ಹೇಳ್ತಿದ್ದೀನಿ.”

“ಹೆಸರು, ಮನೆ ನಂಬರು ಹೇಳಿ,” ಎಂದರು ಸಾಹೇಬರು. ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಹೇಳಿದೆ. ತಪ್ಪಿಲ್ಲದೆ ಬರೆದುಕೊಳ್ಳಲೆಂದು ನಿಧಾನವಾಗಿ, ಎರಡು ಸಲ ಹೇಳಿದೆ.